ಒಂದು ಚಿಂದಿ ಕಡಿಮೆ

ನಮ್ಮ ರಾಜ್ಯ ಹುಟ್ಟಿದಾಗ ಅದಕ್ಕೆ ಒಂದು ರಬ್ಬರ್ ಸ್ಟಾಂಪು ಕೂಡ ಇರಲಿಲ್ಲ. ಹಳೆಯ ರಾಜ್ಯದ ಸ್ಟಾಂಪನ್ನೇ ಒತ್ತಿ, ಅದರಲ್ಲಿನ ಹೆಸರಿನ ಮೇಲೆ ಪೆನ್ನಿನಿಂದ ಗೀಟು ಎಳೆದು, ಪಕ್ಕದಲ್ಲಿ ಹೊಸ ಹೆಸರನ್ನು ಕೈಯಾರೆ ಬರೆಯಬೇಕೆಂದು ಆದೇಶ ಬಂತು. ಆ ಆದೇಶದ ಸ್ಟಾಂಪಿಗೂ ಹಾಗೆಯೇ ಗೀಟು ಎಳೆದಿದ್ದರು. ನಾನು ಆಗ ನಮ್ಮ ಊರಿನ ಸರ್ಕಾರಿ ಕಚೇರಿಯಲ್ಲಿ ಕಿರಿಯ ಗುಮಾಸ್ತ. ರಾಜ್ಯ ಕಟ್ಟುವ ಕೆಲಸದಲ್ಲಿ ನನ್ನ ಪಾಲು ದಿನಕ್ಕೆ ಇನ್ನೂರು ಗೀಟು. ಸಂಜೆ ಹೊತ್ತಿಗೆ ಬೆರಳು ಸೆಟೆದುಕೊಳ್ಳುತ್ತಿತ್ತು.

ಊರಿನ ಅಂಚಿನಲ್ಲಿ ಎರಡು ಹಳೆಯ ರಾಜ್ಯಗಳ ನಡುವಿನ ಗಡಿ ಗೇಟು ಇತ್ತು. ಅದರಾಚೆ ಒಂದೂವರೆ ಮೈಲಿಗೆ ಇನ್ನೊಂದು ಊರು. ಅಲ್ಲಿ ನಮ್ಮದೇ ಮಾತು, ನಮ್ಮದೇ ನೆಂಟರು, ಆದರೆ ಬೇರೆ ಸರ್ಕಾರ. ಎರಡೂ ಸೇರಿ ಹೊಸ ರಾಜ್ಯವಾದ ದಿನ ಗೇಟು ಕಿತ್ತರು. ಅಡ್ಡ ಹಾಕುತ್ತಿದ್ದ ಕಂಬ ಒಳ್ಳೆಯ ಮರದ್ದು, ಸುಮ್ಮನೆ ಸೌದೆ ಮಾಡುವುದೇಕೆ ಎಂದು ನಮ್ಮ ಹೆಡ್ ಗುಮಾಸ್ತರು ಅದಕ್ಕೆ ಬಿಳಿ ಬಣ್ಣ ಬಳಿಸಿ, ಬಾವುಟ ಹಾರಿಸಲು ಕಚೇರಿಯ ಅಂಗಳದಲ್ಲಿ ನೆಡಿಸಿದರು.

ವರ್ಷ ತಿರುಗುವಷ್ಟರಲ್ಲಿ ಹೊಸ ರಾಜ್ಯದ ಮೊದಲ ವಿಧಾನಸಭೆಗೆ ಚುನಾವಣೆ ಎಂದು ಸಾರಿದರು. ಓಟು ಹಾಕಲು ಇಪ್ಪತ್ತೊಂದು ವರ್ಷ ತುಂಬಿರಬೇಕು, ಚುನಾವಣೆಗೆ ನಿಲ್ಲಲು ಇಪ್ಪತ್ತೈದು. ಕಾನೂನೇನೋ ಸರಿ. ಆದರೆ ಊರಿನಲ್ಲಿ ಯಾರಿಗೆ ಎಷ್ಟು ವಯಸ್ಸು ಎಂದು ಹೇಳುವ ಒಂದು ಚೂರು ಕಾಗದ ನಮ್ಮ ಹತ್ತಿರ ಇರಲಿಲ್ಲ. ಜನನದ ರಿಜಿಸ್ಟರುಗಳೆಲ್ಲ ಹಳೆಯ ರಾಜಧಾನಿಯಲ್ಲಿ ಉಳಿದಿದ್ದವು, ಆ ರಾಜಧಾನಿ ಈಗ ಬೇರೆಯವರ ಪಾಲಾಗಿತ್ತು. ಕಳುಹಿಸಿಕೊಡಿ ಎಂದು ಮೂರು ಪತ್ರ ಬರೆದೆವು. ಮೂರಕ್ಕೂ ಸೇರಿಸಿ ಒಂದೇ ಉತ್ತರ ಬಂತು: ತಮ್ಮ ಪತ್ರದ ಮೇಲಿನ ಸ್ಟಾಂಪು ಕ್ರಮಬದ್ಧವಾಗಿಲ್ಲ.

ಮತದಾರರ ಪಟ್ಟಿಯನ್ನು ನನ್ನ ತಲೆಗೆ ಕಟ್ಟಿದರು. ಮನೆಮನೆಗೆ ಹೋದೆ. ಮೊದಲ ಮನೆಯ ಯಜಮಾನ, "ಸೇತುವೆ ಕೊಚ್ಚಿಕೊಂಡು ಹೋದಾಗ ನಾನು ಇಷ್ಟೆತ್ತರ ಇದ್ದೆ" ಎಂದು ಮೊಣಕಾಲಿನ ಹತ್ತಿರ ಕೈ ಹಿಡಿದ. ಅವನ ಅಕ್ಕ ಒಳಗಿನಿಂದ ಬಂದು ಅವನ ಕೈಯನ್ನು ಎತ್ತಿ ಸೊಂಟದ ಹತ್ತಿರ ಇಟ್ಟಳು. ಜಗಳ ಶುರುವಾಯಿತು. ಎರಡನೆಯ ಮನೆಯ ಮುದುಕಿ, "ಬರ್ಕೋ, ನೂರು" ಅಂದಳು.

"ನಿನ್ನೆ ಎಪ್ಪತ್ತು ಅಂದಿದ್ರಿ."

"ನಿನ್ನೆ ಮಂಡಿ ನೋವಿರಲಿಲ್ಲ."

ನಾಲ್ಕು ದಿನದಲ್ಲಿ ನಾನು ಹನ್ನೊಂದು ಹೆಸರು ಬರೆದಿದ್ದೆ. ಹನ್ನೊಂದೂ ತಪ್ಪು. ಹೆಡ್ ಗುಮಾಸ್ತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ದೊಡ್ಡಮ್ಮನ್ನ ಕರ್ಕೊಂಡು ಬಾ, ಹುರಿ ತರೋಕೆ ಹೇಳು" ಎಂದರು.

ಇಷ್ಟು ಹೊತ್ತು ಹೇಳಿದ್ದು ಬರೀ ಪೀಠಿಕೆ. ನಾನು ಹೇಳಹೊರಟಿದ್ದು ದೊಡ್ಡಮ್ಮನ ವಿಷಯ.

ದೊಡ್ಡಮ್ಮ ನಮ್ಮ ಊರಿನ ಸೂಲಗಿತ್ತಿ. ಯಾರಿಗೂ ಸ್ವಂತ ದೊಡ್ಡಮ್ಮನಲ್ಲ, ಊರಿಗೆಲ್ಲ ದೊಡ್ಡಮ್ಮ. ಕುಳ್ಳು ಹೆಂಗಸು, ಗಂಡಸಿನಂಥ ಮಣಿಕಟ್ಟು. ಕಮ್ಮಾರನ ಅಂಗಡಿಯ ಹಿಂದೆ ಒಂದು ಕೋಣೆಯ ಮನೆ. ಒಳಗೆ ಒಂದು ಮಂಚ, ಒಂದು ದೊಡ್ಡ ಹಂಡೆ, ಗೋಡೆಯ ಬದಿಗೆ, ಒಗೆದು ಒಣಗಿಸಿ ಮಡಿಸಿಟ್ಟ ಹಳೆಬಟ್ಟೆಯ ರಾಶಿ. ಗಾಡಿ ಹೊಡೆಯುತ್ತಿದ್ದ ಗಂಡ ಸತ್ತು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಹಿಂದೆ ಯಾವಾಗಲೋ ಒಂದು ಕೂಸು ಹುಟ್ಟಿ ಉಳಿಯಲಿಲ್ಲವಂತೆ ಎಂದು ನಮ್ಮಮ್ಮ ಒಮ್ಮೆ ಹೇಳಿದ್ದಳು, ಅದನ್ನು ಯಾರೂ ಎತ್ತುತ್ತಿರಲಿಲ್ಲ. ನನ್ನನ್ನು ಹೊರಗೆಳೆದವಳೂ ಅವಳೇ. ನಾನು ಕಾಲು ಮುಂದಾಗಿ ಬಂದಿದ್ದೆನಂತೆ. "ನಿಂಗೆ ಆಗ್ಲೂ ಸರಿಯಾಗಿ ಬರೋದು ಗೊತ್ತಿರಲಿಲ್ಲ" ಎಂದು ನಾನು ತಡವಾಗಿ ಹೋದಾಗಲೆಲ್ಲ ಅನ್ನುತ್ತಿದ್ದಳು.

ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಅವಳ ಹತ್ತಿರ ಇದ್ದದ್ದು ಒಂದು ನೂಲಿನ ಹುರಿ. ಅವಳ ಅತ್ತೆ ಶುರು ಮಾಡಿದ್ದನ್ನು ಇವಳು ಮುಂದುವರಿಸಿದ್ದಳು. ಸುತ್ತಿಟ್ಟರೆ ಒಂದು ದೊಡ್ಡ ಕುಂಬಳಕಾಯಿಯಷ್ಟು. ಊರಿನಲ್ಲಿ ಗಂಡು ಹುಟ್ಟಿದರೆ ಹುರಿಯಲ್ಲಿ ಒಂದು ಗಂಟು, ಹೆಣ್ಣು ಹುಟ್ಟಿದರೆ ಜೋಡಿಗಂಟು. ಸತ್ತು ಹುಟ್ಟಿದರೂ ಗಂಟುಂಟು, ಅದಕ್ಕೆ ಮೇಲೆ ಕರಿದಾರದ ಸುತ್ತು. ಪ್ರತಿ ವರ್ಷ ಮೊದಲ ಮಳೆ ಬಿದ್ದ ದಿನ ತನ್ನ ಹಳೆಬಟ್ಟೆಯ ಒಂದು ಚಿಂದಿ ಹರಿದು ಹುರಿಗೆ ಕಟ್ಟುತ್ತಿದ್ದಳು. ಅಲ್ಲಿಗೆ ಒಂದು ವರ್ಷ ಮುಗಿಯಿತು. ಒಬ್ಬರ ಗಂಟು ಹಿಡಿದು, ಅದರ ಮುಂದಿನ ಮೊದಲ ಚಿಂದಿಯನ್ನು ಬಿಟ್ಟು, ಮಿಕ್ಕ ಚಿಂದಿಗಳನ್ನು ಎಣಿಸಿದರೆ ಅವರಿಗೆ ತುಂಬಿದ ವರ್ಷ ಸಿಗುತ್ತಿತ್ತು. ನಮ್ಮ ರಾಜ್ಯದಲ್ಲಿ ಆಗ ಗೀಟು ಎಳೆಯದೆ ಓದಬಹುದಾಗಿದ್ದ ದಾಖಲೆ ಅದೊಂದೇ.

ಯಾವ ಗಂಟು ಯಾರದೆಂದು ಹೇಗೆ ಗೊತ್ತು ಎಂದು ನಾನೂ ಕೇಳಿದ್ದೆ. ಅವಳು ಕಣ್ಣು ಮುಚ್ಚಿ ಬೆರಳು ಆಡಿಸುತ್ತ ಹೋದಳು. "ಇದು ಕುಂಬಾರನ ಎರಡನೇದು. ಇದು ಅಂಚೆಯವನ ತಂಗಿ, ಹುಟ್ಟಿದ ತಕ್ಷಣ ನನ್ನ ಮೇಲೆ ಉಚ್ಚೆ ಹೊಯ್ದಳು. ಇದು ಅವಳಿ, ನೋಡು, ಅಂಟಿಕೊಂಡಿವೆ. ಇದು ನೀನು." ನನ್ನ ಗಂಟು ಉಳಿದವಕ್ಕಿಂತ ಸ್ವಲ್ಪ ಸೊಟ್ಟಗಿತ್ತು. ನನಗೆ ಇಪ್ಪತ್ತಾರು ಎಂದು ಅವತ್ತು ತಿಳಿಯಿತು.

ಮೂರು ವಾರ ಇಬ್ಬರೂ ಬೀದಿ ಬೀದಿ ಸುತ್ತಿದೆವು. ನಾನು ಮುಂದೆ ರಿಜಿಸ್ಟರು ಹಿಡಿದು, ಅವಳು ಹಿಂದೆ ಹುರಿಯ ಉಂಡೆಯನ್ನು ಕಂಕುಳಲ್ಲಿ ಇರುಕಿಕೊಂಡು. ಜನ ಬಾಯಿ ತೆರೆಯುವ ಮೊದಲೇ ಅವಳು ವಯಸ್ಸು ಹೇಳಿಬಿಡುತ್ತಿದ್ದಳು. ಟೈಲರಿಂಗ್ ಕಲಿಸುತ್ತಿದ್ದ ಒಬ್ಬ ಹೆಂಗಸು, "ನಂಗೆ ಇಪ್ಪತ್ತೊಂಬತ್ತೇ" ಎಂದು ಹಟ ಹಿಡಿದಾಗ, "ಬಾಯಿ ಮುಚ್ಚೇ, ನಿನ್ನ ಮೊದಲ ಅಳು ಕೇಳಿದವಳು ನಾನು. ಮೂವತ್ತನಾಲ್ಕು" ಎಂದಳು. ಆ ಹೆಂಗಸಿನ ಗಂಡ ಒಳಗೆ ಹೋಗಿ ನಕ್ಕು ಬಂದ. ಮೀಸೆ ಬರೆದುಕೊಂಡು ಬಂದ ಹತ್ತೊಂಬತ್ತರ ಇಬ್ಬರನ್ನು ಕಿವಿ ಹಿಂಡಿ ಕಳಿಸಿದಳು. ಅವಳದೇ ವಯಸ್ಸು ಮಾತ್ರ ಹುರಿಯಲ್ಲಿರಲಿಲ್ಲ. ಅವಳು ಬೇರೆ ಊರಿನಿಂದ ಬಂದ ಸೊಸೆ. "ಬರ್ಕೋ ಏನಾದ್ರೂ" ಅಂದಳು. ಐವತ್ತೈದು, ಅಂದಾಜು, ಎಂದು ಬರೆದೆ.

ಪಟ್ಟಿ ಮುಗಿಯುವ ದಿನ ಹೆಡ್ ಗುಮಾಸ್ತರು ಖುಷಿಯಿಂದ, "ನಮ್ದೂ ಒಂದು ನೋಡಿಬಿಡು ದೊಡ್ಡಮ್ಮ" ಎಂದರು. ಅವಳು ಅತ್ತೆಯ ಕಾಲದ ಭಾಗವನ್ನು ಬಿಚ್ಚಿ, ಎಣಿಸಿ, "ಐವತ್ತೇಳು" ಎಂದಳು. ಸರ್ಕಾರಿ ನೌಕರರ ನಿವೃತ್ತಿ ಐವತ್ತೈದಕ್ಕೆ. ಅವರ ಸರ್ವಿಸ್ ಪುಸ್ತಕದಲ್ಲಿ ಐವತ್ತೆರಡು ಎಂದಿತ್ತು. "ಹುರಿ ಮತದಾರರಿಗೆ ಮಾತ್ರ" ಎಂದು ಹೆಡ್ ಗುಮಾಸ್ತರು ಹೇಳಿ ಕನ್ನಡಕ ಹಾಕಿಕೊಂಡರು.

ಪಟ್ಟಿಯನ್ನು ನಕಲು ಮಾಡುವಾಗ ನಾನೊಂದು ಗಮನಿಸಿದೆ. ಯಾವ ವರ್ಷ ನೋಡಿದರೂ ಎರಡು ಚಿಂದಿಗಳ ನಡುವೆ ಮೂವತ್ತಾರು, ನಲವತ್ತು, ಹೆಚ್ಚೆಂದರೆ ನಲವತ್ತಮೂರು ಗಂಟು. ಒಂದು ವರ್ಷ ಮಾತ್ರ ಎಪ್ಪತ್ತೊಂಬತ್ತು. ಹೆಡ್ ಗುಮಾಸ್ತರಿಗೆ ತೋರಿಸಿದೆ. "ಒಳ್ಳೆ ಬೆಳೆ ಬಂದ ವರ್ಷ ಇರ್ಬೇಕು" ಎಂದರು. ನನಗೂ ಅದು ಸಾಕಾಯಿತು, ಏಕೆಂದರೆ ಪಟ್ಟಿಯ ಐದನೆಯ ಪ್ರತಿ ಮುಗಿಯುತ್ತ ಬಂದಿತ್ತು.

ಇನ್ನು ಚುನಾವಣೆಗೆ ನಿಂತವರು. ಒಬ್ಬರು ಹತ್ತಿ ಮಿಲ್ಲಿನ ಯಜಮಾನರು. ಊರಿನಲ್ಲಿ ಅರ್ಧ ಜನ ಅವರ ಮಿಲ್ಲಿನಲ್ಲಿ ಕೆಲಸಕ್ಕಿದ್ದರು, ಇನ್ನರ್ಧ ಜನ ಅಲ್ಲಿ ಕೆಲಸ ಸಿಗಲೆಂದು ಕಾಯುತ್ತಿದ್ದರು. ಎದುರಾಗಿ ನಿಂತವಳು ಟೈಲರ್ ಮೇಷ್ಟ್ರ ಮಗಳು, ಹೆಣ್ಣುಮಕ್ಕಳ ಶಾಲೆಯ ಟೀಚರ್. ಕೆಲಸಕ್ಕೆ ರಾಜೀನಾಮೆ ಕೊಟ್ಟು ನಿಂತಿದ್ದಳು. ಅವಳು ಕೇಳುತ್ತಿದ್ದದ್ದು ಒಂದೇ: ಊರಿಗೊಂದು ಹೆರಿಗೆ ಆಸ್ಪತ್ರೆ. ಬಜಾರಿನ ಸಭೆಯಲ್ಲಿ ಮೇಜು ಗುದ್ದಿ, "ಕುಡುಗೋಲು, ಬಿಸಿನೀರು, ಗಂಟು ಕಟ್ಟೋ ಹುರಿ, ಇವುಗಳ ಕಾಲ ಮುಗೀತು" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಿರುಗಿ ದೊಡ್ಡಮ್ಮನ ಮುಖ ನೋಡಿದರು.

"ಅದೇ ಕುಡುಗೋಲಿನಿಂದ ಅಲ್ವೇನೇ ನಿನ್ನ ಹೊಕ್ಕುಳಬಳ್ಳಿ ಕತ್ತರಿಸಿದ್ದು?" ಎಂದು ದೊಡ್ಡಮ್ಮ ಕೂಗಿ ಎದ್ದು ಹೋದಳು. ಅವಳಿಗೆ ಹೊಟ್ಟೆ ಉರಿದಿತ್ತು. ಮರುದಿನ ನನ್ನ ಮುಂದೆ, "ಅವಳ ನಾಲಿಗೆ ಸ್ವಲ್ಪ ಉದ್ದ ಇದೆ ಅಂತ ಅವತ್ತೇ ನೋಡಿದ್ದೆ, ಕತ್ತರಿಸಬೇಕಾಗಿದ್ದು ಅದನ್ನ" ಎಂದಳು. ಆಸ್ಪತ್ರೆ ಬಂದರೆ ಅವಳ ಅನ್ನ ಹೋಗುತ್ತಿತ್ತು.

ನಾಮಪತ್ರಗಳನ್ನು ಪರಿಶೀಲಿಸುವ ಎರಡು ದಿನ ಮೊದಲು ಮಿಲ್ಲಿನವರ ವಕೀಲರು ಒಂದು ತಕರಾರು ಹಾಕಿದರು: ಟೀಚರಮ್ಮನಿಗೆ ಇಪ್ಪತ್ತೈದು ತುಂಬಿಲ್ಲ. ಸಾಕ್ಷಿಯಾಗಿ ಸರ್ಕಾರದ್ದೇ ಮತದಾರರ ಪಟ್ಟಿ, ನನ್ನದೇ ಕೈಬರಹ. ಪಟ್ಟಿಯಲ್ಲಿ ಅವಳ ವಯಸ್ಸು ಇಪ್ಪತ್ತನಾಲ್ಕು. ಬರೆಯುವಾಗ ಅವಳು, "ನಂಗೆ ಇಪ್ಪತ್ತೈದು ಅಂತ ಅಪ್ಪ ಹೇಳ್ತಾರೆ" ಎಂದಿದ್ದಳು. ಹೆಂಗಸೊಬ್ಬಳು ವಯಸ್ಸನ್ನು ಹೆಚ್ಚು ಹೇಳುವುದು ಕೇಳಿ ನನಗೆ ನಗು ಬಂದಿತ್ತು.

ಅವತ್ತು ಮಧ್ಯಾಹ್ನವೇ ವಕೀಲರು ಕಮ್ಮಾರನ ಅಂಗಡಿ ದಾಟಿ ದೊಡ್ಡಮ್ಮನ ಮನೆಗೆ ಹೋದರು. ಕಮ್ಮಾರ ಸುತ್ತಿಗೆ ನಿಲ್ಲಿಸಿ ಕೇಳಿಸಿಕೊಂಡಿದ್ದನ್ನು ಆಮೇಲೆ ನನಗೆ ಹೇಳಿದ. "ಸುಳ್ಳು ಹೇಳಿ ಅಂತ ನಾವು ಕೇಳ್ತಿಲ್ಲ ದೊಡ್ಡಮ್ಮ. ಹುರಿ ತನ್ನಿ, ಇದ್ದಿದ್ದನ್ನ ಇದ್ದ ಹಾಗೆ ತೋರಿಸಿ, ಅಷ್ಟೇ" ಎಂದರಂತೆ. ಅದರಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ.

ಮರುದಿನ ಊಟದ ಹೊತ್ತಿಗೆ ದೊಡ್ಡಮ್ಮ ಕಚೇರಿಗೆ ಬಂದಳು. ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಕಿಟಕಿಯ ಹತ್ತಿರ ನಿಂತು ಅಂಗಳದ ಕಂಬವನ್ನೇ ನೋಡುತ್ತಿದ್ದಳು.

"ಹುರಿ ಒಂದು ಕಡೆ ತಪ್ಪಾಗಿದೆ ಅಂದ್ರೆ ಏನಾಗುತ್ತೋ?" ಎಂದು ಕೇಳಿದಳು.

ಎಪ್ಪತ್ತೊಂಬತ್ತು ಗಂಟು ಕಣ್ಣ ಮುಂದೆ ಬಂತು. "ಎಲ್ಲಿ ತಪ್ಪಾಗಿದೆ?" ಎಂದು ನಾನು ಕೇಳಲೇ ಇಲ್ಲ. ಕೇಳಿದರೆ ಅವಳು ಹೇಳಿಬಿಡುತ್ತಾಳೆ ಎಂಬ ಭಯ.

"ಏನಾಗುತ್ತೆ ಅಂದ್ರೆ, ಇಡೀ ಪಟ್ಟಿ ಮತ್ತೆ ಬರೀಬೇಕು. ಐದು ಪ್ರತಿ. ಆಮೇಲೆ ನಿನ್ನ ಹುರಿನ ಊರಲ್ಲಿ ಯಾರೂ ನಂಬಲ್ಲ. ಟೀಚರಮ್ಮ ಗೆದ್ದು ಬಂದು ಆಸ್ಪತ್ರೆ ಕಟ್ಟಿಸ್ತಾಳೆ. ಅಲ್ಲಿಗೆ ನಿನ್ನ ಕೆಲಸಾನೂ ಹೋಯ್ತು, ಮರ್ಯಾದೆನೂ ಹೋಯ್ತು. ಸುಮ್ನಿರು ದೊಡ್ಡಮ್ಮ, ಯಾರು ಕೇಳಿದ್ರು ನಿನ್ನ?"

"ನಾನು ಸುಮ್ನಿದ್ರೆ?"

"ಟೀಚರಮ್ಮ ನಿಲ್ಲೋ ಹಾಗಿಲ್ಲ. ಅಷ್ಟೇ. ಇನ್ನೈದು ವರ್ಷ ಆದ್ಮೇಲೆ ನಿಲ್ತಾಳೆ, ಬಿಡು."

ಅವಳು ಕಂಕುಳಿನ ಉಂಡೆಯನ್ನು ಇನ್ನೊಂದು ಕಡೆಗೆ ಬದಲಾಯಿಸಿಕೊಂಡು ಹೊರಟಳು. ನಾನು ಊಟ ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ, ಆದರೆ ಅವತ್ತು ಊಟ ಚೆನ್ನಾಗಿಯೇ ಸೇರಿತು.

ಪರಿಶೀಲನೆಯ ದಿನ ಕಚೇರಿಯ ದೊಡ್ಡ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚುನಾವಣಾಧಿಕಾರಿ ಹೊರಗಿನಿಂದ ಬಂದವರು, ಸಣಕಲು ಮನುಷ್ಯ, ಏನೇ ಹೇಳಿದರೂ ಬರೆದುಕೊಂಡ ಮೇಲೆಯೇ ತಲೆ ಎತ್ತುವವರು. ಒಂದು ಬದಿಗೆ ಮಿಲ್ಲಿನ ಯಜಮಾನರೂ ವಕೀಲರೂ. ಇನ್ನೊಂದು ಬದಿಗೆ ಟೀಚರಮ್ಮ, ಪಕ್ಕದಲ್ಲಿ ಅವಳ ಅಪ್ಪ ಟೈಲರ್ ಮೇಷ್ಟ್ರು. ಅಂಗಡಿಯಿಂದ ಎದ್ದು ಹಾಗೇ ಬಂದಿದ್ದರಿಂದ ಅಳತೆ ಪಟ್ಟಿ ಇನ್ನೂ ಕೊರಳಲ್ಲೇ ಇತ್ತು.

"ಇವಳು ಹುಟ್ಟಿದ ವರ್ಷವೇ ನಾನು ಹೊಲಿಗೆ ಮಿಷನ್ ತಂದಿದ್ದು ಸ್ವಾಮಿ. ಇಪ್ಪತ್ತೈದು ವರ್ಷ ಆಯ್ತು" ಎಂದರು ಮೇಷ್ಟ್ರು.

"ಮಿಷನ್ನಿನ ವಯಸ್ಸಿಗೆ ದಾಖಲೆ ಇದೆಯೋ?" ಎಂದು ವಕೀಲರು ಕೇಳಿದರು. ಇರಲಿಲ್ಲ. ಹಿಂದಿನ ಸಾಲಿನವರು ನಕ್ಕರು. ಮೇಷ್ಟ್ರು ಅಳತೆ ಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತರು.

ಅಧಿಕಾರಿಗಳು ಹೆಡ್ ಗುಮಾಸ್ತರನ್ನು ಕರೆದು, ಈ ಹುರಿಯನ್ನು ನಂಬಬಹುದೇ ಎಂದು ಕೇಳಿದರು. ಹೆಡ್ ಗುಮಾಸ್ತರಿಗೆ ಧರ್ಮಸಂಕಟ. ನಂಬಬಹುದು ಎಂದರೆ ಅವರು ಮನೆಗೆ ಹೋಗಬೇಕು, ನಂಬಬಾರದು ಎಂದರೆ ಪಟ್ಟಿ ಕಸದ ಬುಟ್ಟಿಗೆ ಹೋಗಬೇಕು. "ನಂಬಬಹುದು ಸರ್. ನಂಬದೆಯೂ ಇರಬಹುದು" ಎಂದರು. ಅಧಿಕಾರಿಗಳು ಎರಡನ್ನೂ ಬರೆದುಕೊಂಡರು.

ಆಮೇಲೆ ದೊಡ್ಡಮ್ಮನನ್ನು ಕರೆದರು. ಮೇಜಿನ ಮೇಲೆ ಹುರಿಯನ್ನು ಬಿಚ್ಚಿ ಹರಡಿದಳು. ಟೀಚರಮ್ಮನ ಜೋಡಿಗಂಟನ್ನು ತೋರಿಸಿದಳು. ಅದರಾಚೆ ಇಪ್ಪತ್ತೈದು ಚಿಂದಿ. ಮೊದಲನೆಯದನ್ನು ಬಿಟ್ಟರೆ ಇಪ್ಪತ್ತನಾಲ್ಕು. ವಕೀಲರು ನಮಸ್ಕಾರ ಮಾಡಿ ಕುಳಿತರು.

"ಹಾಗಾದರೆ ಈ ಹುರಿ ಸರಿಯಾಗಿದೆ ಎಂದು ಬರೆದುಕೊಳ್ಳಲೇ?" ಎಂದು ಅಧಿಕಾರಿಗಳು ಕೇಳಿದರು.

ದೊಡ್ಡಮ್ಮ ಟೀಚರಮ್ಮನ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಮಸಿಕುಡಿಕೆಯ ಮುಚ್ಚಳವನ್ನು ನೋಡುತ್ತಿದ್ದೆ.

"ಬೇಡ. ಸರಿಯಾಗಿಲ್ಲ" ಎಂದಳು. "ಒಂದು ಚಿಂದಿ ಕಡಿಮೆ ಇದೆ."

ವಕೀಲರು ಎದ್ದು ನಿಂತರು. ಅಧಿಕಾರಿಗಳು ಕೈಸನ್ನೆ ಮಾಡಿ ಅವರನ್ನು ಕೂರಿಸಿದರು.

"ಇವಳು ಹುಟ್ಟಿ ಮೂರು ತಿಂಗಳಿಗೆ ನಂದು ಹೆರಿಗೆ" ಎಂದಳು ದೊಡ್ಡಮ್ಮ. ಜಮೀನಿನ ಗಡಿ ಹೇಳುವವಳ ದನಿ. "ಊರಲ್ಲಿ ಸೂಲಗಿತ್ತಿ ಅಂದ್ರೆ ನಾನೊಬ್ಬಳೇ. ನಮ್ಮತ್ತೆ ತೀರ್ಕೊಂಡಿದ್ರು. ಪಕ್ಕದೂರಲ್ಲಿ ಒಬ್ಬಳಿದ್ದಳು. ನಮ್ಮ ಯಜಮಾನ ಗಾಡಿ ಹೊಡ್ಕೊಂಡು ಹೋಗಿ ಅವಳನ್ನ ಕೂರಿಸ್ಕೊಂಡು ಬಂದ್ರು. ಗಡಿ ಗೇಟು ಹಾಕಿತ್ತು. ಗೇಟಿನವನು ಬೀಗದ ಕೈ ಜೇಬಿಗೆ ಹಾಕ್ಕೊಂಡು ಊಟಕ್ಕೆ ಹೋಗಿದ್ದ. ಊಟ ಮಾಡಿ ಬಂದ. ಬಂದವನು, ಆ ಕಡೆಯವಳಿಗೆ ಈ ಕಡೆ ಬರೋಕೆ ಚೀಟಿ ಬೇಕು ಅಂದ. ಗೇಟು ಬಿಟ್ಟು ಗದ್ದೆ ಸುತ್ತಿ ನಡೆಸ್ಕೊಂಡು ಬಂದ್ರು ಅವಳನ್ನ. ಅಷ್ಟು ಹೊತ್ತಿಗೆ ನಾನೇ ನನ್ನ ಕೈಲಾದಷ್ಟು ಮಾಡ್ಕೊಂಡಿದ್ದೆ. ಹೆಣ್ಣು ಕೂಸು. ಮೂರು ದಿನ ಇತ್ತು."

ಅಧಿಕಾರಿಗಳು ಬರೆದು ಮುಗಿಸುವವರೆಗೆ ಕಾದು ಮುಂದುವರಿಸಿದಳು.

"ಆ ತಿಂಗಳೇ ಮೊದಲ ಮಳೆ ಬಂತು. ಮಲಗಿದ್ದಲ್ಲೇ ಕೇಳಿಸ್ತು. ಚಿಂದಿ ಕಟ್ಬೇಕು ಅಂತ ಗೊತ್ತಿತ್ತು ಸ್ವಾಮಿ, ಮರೆತಿದ್ದಲ್ಲ. ಚಿಂದಿ ಕಟ್ಬೇಕಾದ್ರೆ ಅದಕ್ಕೆ ಮುಂಚೆ ಅವಳ ಗಂಟು ಕಟ್ಬೇಕಿತ್ತು. ಊರಿನ ಸತ್ತ ಕೂಸುಗಳಿಗೆಲ್ಲ ಕಟ್ಟಿದೀನಿ. ಅದೊಂದಕ್ಕೆ ಕೈ ಬರಲಿಲ್ಲ. ಹಾಗಾಗಿ ಆ ವರ್ಷಾನ ಮುಗಿಸಲೇ ಇಲ್ಲ. ಎದ್ದ ಮೇಲೆ ಮುಂದಿನ ಗಂಟುಗಳನ್ನ ಅದಕ್ಕೇ ಸೇರಿಸಿ ಕಟ್ಕೊಂಡು ಹೋದೆ."

ವಕೀಲರು ಮತ್ತೆ ಎದ್ದು, ಮೆಲ್ಲಗೆ, ಇದು ದುಃಖದ ವಿಷಯವೇ ಹೌದು, ಆದರೆ ಬಾಯಿಮಾತು, ಇದಕ್ಕೆ ಪುರಾವೆ ಏನು ಎಂದರು. ಅವರದೂ ಸುಳ್ಳಲ್ಲ. ಆಗ ನಾನು ಎದ್ದೆ. ಯಾಕೆ ಎದ್ದೆ ಎಂದು ನನಗೇ ಗೊತ್ತಿಲ್ಲ, ಎದ್ದ ಮೇಲೆ ಕೂರಲು ಆಗಲಿಲ್ಲ.

"ಸರ್, ಆ ವರ್ಷದಲ್ಲಿ ಎಪ್ಪತ್ತೊಂಬತ್ತು ಗಂಟಿವೆ. ಬೇರೆ ಯಾವ ವರ್ಷದಲ್ಲೂ ನಲವತ್ತಮೂರು ದಾಟಿಲ್ಲ. ಟೀಚರಮ್ಮನದು ಮೂವತ್ತನೆಯದು, ಮೊದಲ ಅರ್ಧದಲ್ಲೇ ಬರುತ್ತೆ."

ಅಧಿಕಾರಿಗಳು ತಾವೇ ಬೆರಳು ಹಚ್ಚಿ ಎಣಿಸಿದರು. ಎಪ್ಪತ್ತೊಂಬತ್ತು. ಹಿಂದಿನ ಐದು ವರ್ಷ, ಮುಂದಿನ ಐದು ವರ್ಷಗಳನ್ನೂ ಎಣಿಸಿದರು. ಆಮೇಲೆ ನನ್ನತ್ತ ತಿರುಗಿ, "ಇದನ್ನು ಮೊದಲೇ ಗಮನಿಸಿದ್ದಿರೋ?" ಎಂದರು.

"ಗಮನಿಸಿದ್ದೆ ಸರ್."

"ಮತ್ತೆ?"

"ಒಳ್ಳೆ ಬೆಳೆ ಬಂದ ವರ್ಷ ಅಂದ್ಕೊಂಡಿದ್ವಿ ಸರ್."

ಅದನ್ನೂ ಬರೆದುಕೊಂಡರು. ಆ ಕಾಗದ ಇವತ್ತಿಗೂ ಯಾವುದೋ ಕಪಾಟಿನಲ್ಲಿ ಇದ್ದೀತು, ನನ್ನ ಸಹಿಯೂ ಅದರ ಮೇಲಿದೆ.

"ಆ ಚಿಂದಿ ಎಲ್ಲಿ ಬರಬೇಕಿತ್ತು, ತೋರಿಸಿ" ಎಂದು ಅಧಿಕಾರಿಗಳು ದೊಡ್ಡಮ್ಮನಿಗೆ ಹೇಳಿದರು. ಅವಳು ಹುಡುಕಲಿಲ್ಲ. ಬೆರಳು ನೇರವಾಗಿ ಅಲ್ಲಿಗೇ ಹೋಯಿತು. ನಲವತ್ತೊಂದನೆಯ ಗಂಟು, ಕಮ್ಮಾರನ ಮೊದಲ ಮಗ. ಅದಾದ ಮೇಲೆ ಒಂದು ಗೇಣು ಹುರಿ ಖಾಲಿ ಬಿಟ್ಟಿದ್ದಳು. ಅದನ್ನು ನಾನು ಮೂರು ವಾರದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅಲ್ಲಿ ಒಂದು ಜೋಡಿಗಂಟು ಹಾಕಿದಳು. ಗಂಟು ಬಿಗಿಯಾಗಿಯೇ ಬಂತು. ಆಮೇಲೆ ಉಟ್ಟ ಬಟ್ಟೆಯ ಅಂಚನ್ನು ಹಲ್ಲಿನಿಂದ ಹರಿದು ಒಂದು ಚಿಂದಿ ಕಟ್ಟಿದಳು.

ಹೆಡ್ ಗುಮಾಸ್ತರು ತಮ್ಮ ಕಡತಗಳ ಕಟ್ಟಿನಿಂದ ಒಂದು ಕರಿದಾರದ ತುಂಡು ಬಿಚ್ಚಿ ಅವಳ ಮುಂದೆ ಹಿಡಿದರು. ಅವರ ಕಣ್ಣು ಕೆಂಪಾಗಿತ್ತು.

"ಬೇಡ" ಎಂದಳು ದೊಡ್ಡಮ್ಮ. "ಅವಳು ಮೂರು ದಿನ ಬದುಕಿದ್ದಳು."

ನಾಮಪತ್ರ ಸ್ವೀಕಾರವಾಯಿತು. ಮತದಾರರ ಪಟ್ಟಿ ತಿದ್ದಬೇಕೆಂದು ಅದೇ ಆದೇಶದಲ್ಲಿತ್ತು. ಆ ಚಿಂದಿಗೆ ಮೊದಲು ಗಂಟಿದ್ದ ಊರಿನವರಿಗೆಲ್ಲ ಒಂದೇ ದಿನ ಒಂದೊಂದು ವರ್ಷ ಹೆಚ್ಚಿತು. ಟೈಲರಿಂಗ್ ಕಲಿಸುತ್ತಿದ್ದ ಆ ಹೆಂಗಸು ಮೂವತ್ತೈದಾದಳು, ನನ್ನ ಜೊತೆ ಎರಡು ವರ್ಷ ಮಾತಾಡಲಿಲ್ಲ. ಹೆಡ್ ಗುಮಾಸ್ತರು ಐವತ್ತೆಂಟಾದರು, ಮರುವಾರ ತಾವಾಗಿಯೇ ಅರ್ಜಿ ಬರೆದು ನಿವೃತ್ತಿ ಪಡೆದರು. ನಾನು ಏಳುನೂರ ಮೂವತ್ತು ವಯಸ್ಸುಗಳ ಮೇಲೆ ಗೀಟು ಎಳೆದು ಪಕ್ಕದಲ್ಲಿ ಹೊಸದನ್ನು ಬರೆದೆ. ಐದು ಪ್ರತಿ. ಬೈದುಕೊಳ್ಳುತ್ತಲೇ ಬರೆದೆ, ಆದರೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ.

ಫಲಿತಾಂಶವನ್ನು ಈಗಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳಲು ನನಗೆ ಬೇರೆ ಇದೆ. ಟೀಚರಮ್ಮ ಇನ್ನೂರ ಹದಿನಾರು ಓಟಿನಿಂದ ಸೋತಳು. ಮುಂದಿನ ಚುನಾವಣೆಯಲ್ಲಿ ಗೆದ್ದಳು. ಆಸ್ಪತ್ರೆ ಬಂತು, ದೊಡ್ಡಮ್ಮನ ಕೆಲಸ ಹೋಯಿತು. ಹೋಗುತ್ತದೆ ಎಂದು ಗೊತ್ತಿದ್ದೇ ಅವಳು ಬಾಯಿ ಬಿಟ್ಟದ್ದು, ನಾನೇ ಅವಳಿಗೆ ಬಿಡಿಸಿ ಹೇಳಿದ್ದೆನಲ್ಲ.

ಮತದಾನದ ದಿನ ನಾನು ಹೆಣ್ಣುಮಕ್ಕಳ ಶಾಲೆಯ ಮತಗಟ್ಟೆಯಲ್ಲಿ ಬೆರಳಿಗೆ ಮಸಿ ಹಚ್ಚುವವನು. ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿ ಕೂತಿದ್ದೆ. ಬೆಳಗ್ಗೆ ಎಂಟಕ್ಕೇ ಹೆಂಗಸರ ಸಾಲು ಗೇಟು ದಾಟಿ ಬೀದಿಗೆ ಹೋಗಿತ್ತು. ಅರ್ಧ ಜನ ದೊಡ್ಡಮ್ಮನ ಕೈಯಲ್ಲಿ ಹುಟ್ಟಿದವರು, ಇನ್ನರ್ಧ ಜನ ಅವಳ ಕೈಯಲ್ಲಿ ಹೆತ್ತವರು. ಮುಂದೆ ಹೋಗು ಎಂದು ಎಷ್ಟು ಹೇಳಿದರೂ ಅವಳು ಸಾಲಿನಲ್ಲೇ ನಿಂತು ಬಂದಳು.

ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗುರುತು ಹಾಕಿದರು. ಅಂದಾಜು ಎಂಬ ನನ್ನ ಮಾತು ಇನ್ನೂ ಅಲ್ಲೇ ಇತ್ತು. ಬೆರಳು ಚಾಚಿದಳು. ನಾನು ಕಡ್ಡಿ ಅದ್ದಿದೆ.

"ಅವಳಿಗೆ ಈಗ ಎಷ್ಟಾಗ್ತಿತ್ತೋ?"

ಯಾರಿಗೆ ಎಂದು ನಾನು ಕೇಳಲಿಲ್ಲ. ಪಟ್ಟಿ ತಿದ್ದುವಾಗಲೇ ಎಣಿಸಿಟ್ಟಿದ್ದೆ. "ಇಪ್ಪತ್ತೈದು. ಟೀಚರಮ್ಮನಿಗಿಂತ ಮೂರು ತಿಂಗಳು ಚಿಕ್ಕವಳು."

"ಹಾಗಾದ್ರೆ ಓಟಿರ್ತಿತ್ತು."

"ಇರ್ತಿತ್ತು."

"ಚುನಾವಣೆಗೂ ನಿಲ್ಬಹುದಿತ್ತು."

"ನಿಲ್ಬಹುದಿತ್ತು ದೊಡ್ಡಮ್ಮ."

ಅವಳು ಮತಪತ್ರ ತೆಗೆದುಕೊಂಡು, ಬೆರಳಿನ ಮಸಿಯನ್ನು ಊದಿ ಒಣಗಿಸಿಕೊಂಡಳು. "ಅವಳು ನಿಂತಿದ್ರೆ ಟೀಚರಮ್ಮನಿಗೆ ನನ್ನ ಓಟು ಸಿಗ್ತಿರಲಿಲ್ಲ, ನೋಡು" ಎಂದಳು.

"ಯಾರಿಗೆ ಓಟು ಅಂತ ಇಲ್ಲಿ ಹೇಳೋ ಹಾಗಿಲ್ಲಮ್ಮ" ಎಂದು ಮತಗಟ್ಟೆಯ ಅಧಿಕಾರಿ ಗದರಿದರು.

"ನಾನೇನು ನಿಮಗೆ ಹೇಳಿದ್ನಾ?" ಎಂದು ಅವಳು ಪರದೆಯ ಹಿಂದೆ ಹೋದಳು.

ಕಡ್ಡಿ ನನ್ನ ಕೈಯಲ್ಲೇ ಉಳಿದಿತ್ತು, ಮಸಿ ಅಂಗೈಗೆಲ್ಲ ಹರಿದಿತ್ತು. ಸಾಲಿನಲ್ಲಿದ್ದ ಅಂಚೆಯವನ ತಂಗಿ ಬೆರಳು ಚಾಚಿಕೊಂಡು, "ಹಚ್ಚಪ್ಪ, ಹೊತ್ತಾಯ್ತು" ಎಂದಳು. ಅವಳ ಬೆರಳು ನನಗೆ ಸರಿಯಾಗಿ ಕಾಣಿಸಲು ಸ್ವಲ್ಪ ಹೊತ್ತು ಹಿಡಿಯಿತು.